ಮನೆಯ ಸರ್ವರ್‌ನಿಂದ ಮೇಲ್ ಯಾಕೆ ಹೊರಡುತ್ತಿಲ್ಲ?

ಪ್ರಶ್ನೆ: ಶಿರಸಿಯಿಂದ ಯಾಣದ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ಅದರ ವೆಬ್‌ಸೈಟ್ ಮನೆಯಲ್ಲೇ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅದರಲ್ಲಿರುವುದು ಡೆಬಿಯನ್ ಲಿನಕ್ಸ್, ವೆಬ್ ಸರ್ವರ್ ಅಪಾಚೆ, ಪಿಎಚ್‌ಪಿ, ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್. ಹೊರಗಿನವರು ಸೈಟಿಗೆ ಬರುವುದು ಕ್ಲೌಡ್‌ಫ್ಲೇರ್ ಕಂಪನಿಯ ಸರ್ವರ್‌ಗಳನ್ನು ಮನೆಗೆ ಜೋಡಿಸುವ ‘ಟನಲ್’ ಮೂಲಕ. ಕೋಣೆ ಕೇಳುವ ಫಾರಂ ತುಂಬಿದರೆ ‘ನಿಮ್ಮ ಸಂದೇಶ ತಲುಪಿದೆ’ ಎಂದು ತೋರಿಸುತ್ತದೆ, ಆದರೆ ನಮ್ಮ ಜೀಮೇಲ್‌ಗೆ ಏನೂ ಬರುವುದಿಲ್ಲ. ಲಾಗ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಎಂದಿತ್ತು. ರೌಟರ್‌ನಲ್ಲಿ ಪೋರ್ಟ್ 25 ತೆರೆದೆ, ಉಪಯೋಗವಾಗಲಿಲ್ಲ. ಜೀಮೇಲ್ ಮೂಲಕ ಕಳಿಸುವ ಹಾಗೆ ಮಾಡಿದಾಗ ನಾಲ್ಕು ದಿನ ನಡೆಯಿತು. ಕರೆಂಟು ಹೋಗಿ ಬಂದ ದಿನ ಮತ್ತೆ ನಿಂತಿತು. ಸರಿಯಾದೀತೆಂದು ಗೂಗಲ್ ಪಾಸ್‌ವರ್ಡ್ ಬದಲಿಸಿದೆ, ಈಗ 535 ಎಂಬ ದೋಷ ಬರುತ್ತಿದೆ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ಸ್ಟ್ಯಾಟಿಕ್ ಐಪಿಗೆ ಸದ್ಯ ದುಡ್ಡು ಹಾಕಬೇಡಿ. ನಿಮ್ಮಲ್ಲಿ ಸಂಬಂಧವೇ ಇಲ್ಲದ ಮೂರು ತೊಂದರೆಗಳು ಒಂದರ ಹಿಂದೊಂದು ನಿಂತಿವೆ. ಅದಕ್ಕೇ ಒಂದನ್ನು ದಾಟಿದ ಕೂಡಲೇ ಇನ್ನೊಂದು ಎದುರಾಗುತ್ತಿದೆ. ಮೂರೂ ಲಾಗ್‌ನಲ್ಲಿ ಬೇರೆ ಬೇರೆ ಸಾಲು ಬರೆಯುತ್ತವೆ. ಆ ಸಾಲನ್ನು ಪೂರ್ತಿ ಓದಿದ ಮೇಲೆಯೇ ಸೆಟ್ಟಿಂಗ್‌ಗೆ ಕೈಹಾಕಬೇಕು. ಕರೆಂಟು ಹೋಗಿ ಬಂದ ದಿನ ನಿಮ್ಮ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಅದನ್ನು ಬದಲಿಸಿದ್ದರಿಂದಲೇ 535 ಹುಟ್ಟಿತು.

ಮೊದಲು ‘ಸಂದೇಶ ತಲುಪಿದೆ’ ಎಂಬ ಮಾತಿನ ವಿಚಾರ. ಪಿಎಚ್‌ಪಿಯ ಮೇಲ್ ಫಂಕ್ಷನ್ ‘ಸರಿ’ ಎಂದರೆ ಅದೇ ಯಂತ್ರದಲ್ಲಿರುವ ಪೋಸ್ಟ್‌ಫಿಕ್ಸ್ ಕಾಗದವನ್ನು ಕೈಗೆ ತೆಗೆದುಕೊಂಡಿತು ಎಂದಷ್ಟೇ ಅರ್ಥ. ಊರಿನ ಅಂಚೆಡಬ್ಬಿಗೆ ಪತ್ರ ಹಾಕಿದ ಹಾಗೆ. ಮುಂದೆ ಅದಕ್ಕೆ ಏನಾಯಿತು ಎಂಬುದು ಪಿಎಚ್‌ಪಿಗೆ ಗೊತ್ತಾಗುವುದೇ ಇಲ್ಲ. ಗೊತ್ತಿರುವುದು ಪೋಸ್ಟ್‌ಫಿಕ್ಸ್‌ನ ಲಾಗ್‌ಗೆ. ಡೆಬಿಯನ್ 12ರಿಂದ ಈಚೆಗೆ ವಾರ್ ಫೋಲ್ಡರ್‌ನ ಒಳಗೆ ಮೇಲ್ ಲಾಗ್ ಎಂಬ ಫೈಲು ತಾನಾಗಿ ಇರುವುದಿಲ್ಲ, ಜರ್ನಲ್‌ಸಿಟಿಎಲ್ ಆದೇಶದಿಂದ ಪೋಸ್ಟ್‌ಫಿಕ್ಸ್‌ನ ಸಾಲುಗಳನ್ನು ತೆಗೆದು ನೋಡಬೇಕು. ಪ್ರತಿ ಮೇಲ್‌ಗೂ ಒಂದು ‘ಸ್ಟೇಟಸ್’ ಇರುತ್ತದೆ. ‘ಸೆಂಟ್’ ಎಂದಿದ್ದರೆ ಮುಂದಿನ ಸರ್ವರ್ ಒಪ್ಪಿಕೊಂಡಿದೆ. ‘ಡಿಫರ್ಡ್’ ಎಂದರೆ ಸದ್ಯಕ್ಕೆ ಆಗಲಿಲ್ಲ, ಸರದಿಯಲ್ಲಿಟ್ಟು ಮತ್ತೆ ಪ್ರಯತ್ನಿಸುತ್ತದೆ. ‘ಬೌನ್ಸ್ಡ್’ ಎಂದರೆ ಕೈಬಿಟ್ಟಿದೆ. ಎದುರಿನ ಸರ್ವರ್ ಕೊಡುವ ಅಂಕಿ 4ರಿಂದ ಶುರುವಾದರೆ ತಾತ್ಕಾಲಿಕ, 5ರಿಂದ ಶುರುವಾದರೆ ಖಾಯಂ ನಿರಾಕರಣೆ. ಸ್ಟೇಟಸ್‌ನ ಪಕ್ಕ ಆವರಣದಲ್ಲಿರುವ ಉದ್ದ ವಾಕ್ಯವೇ ನಿಜವಾದ ಕಾರಣ. ಸಹಾಯ ಕೇಳುವಾಗ ಅದನ್ನು ಪೂರ್ತಿ ನಕಲು ಮಾಡಿ ಕಳಿಸಿ, ಬರೇ ಅಂಕಿಯನ್ನಲ್ಲ.

ಪೋಸ್ಟ್‌ಫಿಕ್ಸ್ ಒಂದು ಮೇಲನ್ನು ತಾನಾಗಿ ಬಿಟ್ಟುಕೊಡುವುದು 5 ದಿನಗಳ ನಂತರ. ಆಗ ‘ತಲುಪಲಿಲ್ಲ’ ಎಂಬ ಮರುಪತ್ರವನ್ನು ಕಳಿಸಿದವರ ವಿಳಾಸಕ್ಕೆ ಹಾಕುತ್ತದೆ. ನಿಮ್ಮಲ್ಲಿ ಕಳಿಸಿದವರು ಅಂದರೆ ಅಪಾಚೆಯ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರ. ಆ ಮರುಪತ್ರ ಪೈ ಒಳಗೇ ಕೂತಿರುತ್ತದೆ, ಯಾರೂ ಓದುವುದಿಲ್ಲ. ಐದು ದಿನ ಅಂದರೆ ಕೋಣೆ ಕೇಳಿದವರು ಬೇರೆ ಕಡೆ ಉಳಿದು ಊರಿಗೂ ಮರಳಿರುತ್ತಾರೆ.

ಈಗ ಪೋರ್ಟ್ 25. ರೌಟರ್‌ನಲ್ಲಿ ನೀವು ತೆರೆದದ್ದು ಹೊರಗಿನಿಂದ ಒಳಗೆ ಬರುವ ಬಾಗಿಲು. ಮೇಲ್ ಕಳಿಸುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕಳಿಸುವಾಗ ನಿಮ್ಮ ಪೈ ಎದುರಿನ ಸರ್ವರ್‌ನ 25ನೇ ಪೋರ್ಟನ್ನು ತಟ್ಟುತ್ತದೆ. ಮನೆ ಸಂಪರ್ಕ ಕೊಡುವ ಬಹಳಷ್ಟು ಕಂಪನಿಗಳು ಈ ಹೊರಹೋಗುವ ದಾರಿಯನ್ನು ತಮ್ಮ ಜಾಲದಲ್ಲೇ ಮುಚ್ಚಿರುತ್ತವೆ, ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಸ್ಪ್ಯಾಮ್ ಸುರಿಯಬಾರದು ಎಂದು. ಅದನ್ನು ನಿಮ್ಮ ರೌಟರ್‌ನಿಂದ ತೆರೆಯಲು ಬರುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಟೆಲ್ನೆಟ್ ಅಥವಾ ನೆಟ್‌ಕ್ಯಾಟ್‌ನಿಂದ ಜೀಮೇಲ್‌ನ ಎಸ್‌ಎಂಟಿಪಿ (ಮೇಲ್ ಕಳಿಸುವ) ಸರ್ವರ್‌ಗೆ ಎರಡು ಸಲ ಕರೆ ಮಾಡಿ, ಒಮ್ಮೆ ಪೋರ್ಟ್ 25ಕ್ಕೆ, ಒಮ್ಮೆ ಲಾಗಿನ್ ಆಗಿ ಮೇಲ್ ಒಪ್ಪಿಸುವ ಪೋರ್ಟ್ 587ಕ್ಕೆ. ಮೊದಲನೆಯದು ಸುಮ್ಮನೆ ಕಾದು ಕಾದು ಸತ್ತು, ಎರಡನೆಯದರಲ್ಲಿ ಕ್ಷಣದಲ್ಲೇ 220ರಿಂದ ಶುರುವಾಗುವ ಸಾಲು ಬಂದರೆ ಸಂಶಯ ಬೇಡ: 25 ಮುಚ್ಚಿದೆ, 587 ತೆರೆದಿದೆ. ರೌಟರ್‌ನಲ್ಲಿ ತೆರೆದ ಆ 25ನ್ನು ಇವತ್ತೇ ಮುಚ್ಚಿಬಿಡಿ. ನಿಮಗೆ ಅದರಿಂದ ಲಾಭವಿಲ್ಲ, ಸ್ಪ್ಯಾಮ್ ಕಳಿಸಲು ಜಾಗ ಹುಡುಕುವವರಿಗೆ ಮಾತ್ರ ಇದೆ.

ಸ್ಟ್ಯಾಟಿಕ್ ಐಪಿ ಸಿಕ್ಕರೂ ಕೆಲಸ ಅರ್ಧವೂ ಆಗುವುದಿಲ್ಲ. ಕಂಪನಿಯವರು 25ನ್ನು ಬಿಡಬೇಕು. ಆ ಐಪಿಗೆ ಪಿಟಿಆರ್ ದಾಖಲೆ, ಅಂದರೆ ಅಂಕಿಯಿಂದ ಹೆಸರಿಗೆ ಹೋಗುವ ಹಿಮ್ಮುಖ ಡಿಎನ್‌ಎಸ್ (ಡಿಎನ್‌ಎಸ್ ಎಂದರೆ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ), ಬರೆದು ಕೊಡಬೇಕು. ನಿಮ್ಮ ಡೊಮೇನ್ ಮಾರಿದವರ ಪುಟದಲ್ಲಿ ಅದನ್ನು ಬರೆಯಲು ಬರುವುದಿಲ್ಲ. ಆ ಹೆಸರು ಮತ್ತೆ ಅದೇ ಐಪಿಗೆ ತಿರುಗಿ ಬರಬೇಕು. ಇದರ ಮೇಲೆ, ಮನೆ ಸಂಪರ್ಕಗಳ ಐಪಿ ಸಾಲುಗಳು ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಎಂಬ ಪಟ್ಟಿಯಲ್ಲಿ ಮೊದಲೇ ಇರುತ್ತವೆ. ಅದು ಅಪರಾಧಿಗಳ ಪಟ್ಟಿಯಲ್ಲ, ‘ಇಲ್ಲಿಂದ ನೇರ ಮೇಲ್ ಬರಬಾರದು’ ಎಂದು ಗುರುತು ಹಾಕಿದ್ದು. ಆದರೆ ಎದುರಿನ ಸರ್ವರ್ ಅದನ್ನು ನೋಡಿಯೇ ಬಾಗಿಲು ಹಾಕುತ್ತದೆ. ಇನ್ನೊಂದು ಪರೀಕ್ಷೆ: ರೌಟರ್‌ನ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಕಂಪನಿಯವರು ರೌಟರ್‌ಗೆ ಕೊಟ್ಟ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನಿಮ್ಮ ಹೊರಗಿನ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. ಪಕ್ಕದ ಊರಿನ ಯಾರದೋ ಫೋನಿನ ವೈರಸ್ ಕೆಡಿಸಿದ ಹೆಸರು ನಿಮ್ಮ ಮೇಲ್‌ಗೂ ಅಂಟುತ್ತದೆ.

ವೆಬ್‌ಸೈಟ್ ಮನೆಯಲ್ಲಿರಲಿ, ಅದಕ್ಕೆ ನನ್ನ ತಕರಾರಿಲ್ಲ. ಮೇಲ್ ಮಾತ್ರ ಹೆಸರಿರುವವರ ಮೂಲಕ ಹೊರಡಲಿ. ನೀವು ಜೀಮೇಲ್ ಹಾಕಿದ್ದು ಸರಿಯಾದ ದಾರಿಯೇ, ಬಿಡಬೇಡಿ.

ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್ ಇರುವ ಮೇನ್.ಸಿಎಫ್ ಫೈಲಿನಲ್ಲಿ ರಿಲೇಹೋಸ್ಟ್ (ಮೇಲನ್ನು ಮುಂದಕ್ಕೆ ದಾಟಿಸುವ ಸರ್ವರ್) ಎಂಬ ಸಾಲಿನಲ್ಲಿ ಜೀಮೇಲ್‌ನ ಎಸ್‌ಎಂಟಿಪಿ ಹೆಸರನ್ನು ಚೌಕ ಆವರಣದ ಒಳಗೆ ಬರೆದು, ಆವರಣ ಮುಗಿದ ಮೇಲೆ ಕೋಲನ್ ಹಾಕಿ 587 ಎನ್ನಿ. ಆವರಣವಿದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿಗೆ ಎಂಎಕ್ಸ್ ದಾಖಲೆ (ಮೇಲ್ ಪಡೆಯುವ ಸರ್ವರ್ ಯಾವುದೆಂಬ ಡಿಎನ್‌ಎಸ್ ಸಾಲು) ಹುಡುಕುತ್ತಾ ಕೂರದೆ ನೇರ ಹೋಗುತ್ತದೆ. ಬಳಕೆದಾರ ಹೆಸರು, ಪಾಸ್‌ವರ್ಡ್ ಇಡುವ ಎಸ್‌ಎಎಸ್‌ಎಲ್ (ಲಾಗಿನ್) ಪಾಸ್‌ವರ್ಡ್ ಫೈಲಿನಲ್ಲೂ ಇದೇ ಪದ ಅಕ್ಷರಕ್ಕೆ ಅಕ್ಷರ ಹೀಗೇ ಇರಬೇಕು, ಆವರಣ ಮತ್ತು 587 ಸಮೇತ. ಒಂದು ಕಡೆ ಆವರಣ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್‌ಗೆ ಪಾಸ್‌ವರ್ಡ್ ಸಿಗುವುದೇ ಇಲ್ಲ, ಲಾಗಿನ್ ಆಗದೇ ಮೇಲ್ ಕೊಡಲು ಹೋಗುತ್ತದೆ, ಜೀಮೇಲ್ 530 ಎಂದು ತಿರುಗಿಸಿ ಕಳಿಸುತ್ತದೆ. ಫೈಲು ತಿದ್ದಿದ ಪ್ರತಿ ಸಲವೂ ಪೋಸ್ಟ್‌ಮ್ಯಾಪ್ ಆದೇಶ ಓಡಿಸಬೇಕು, ಏಕೆಂದರೆ ಪೋಸ್ಟ್‌ಫಿಕ್ಸ್ ಓದುವುದು ಅದರಿಂದ ತಯಾರಾದ ಡಿಬಿ ಫೈಲನ್ನು. ಪಾಸ್‌ವರ್ಡ್ ಫೈಲು, ಅದರ ಡಿಬಿ ಫೈಲು, ಎರಡರ ಅನುಮತಿಯೂ 600 ಇರಲಿ, ಅಂದರೆ ಮಾಲೀಕ ಬಿಟ್ಟು ಬೇರೆ ಯಾರೂ ಓದಲಾಗದಂತೆ. ಎಸ್‌ಎಎಸ್‌ಎಲ್ ದೃಢೀಕರಣ ‘ಯೆಸ್’, ಭದ್ರತಾ ಆಯ್ಕೆ ‘ನೋಅನಾನಿಮಸ್’, ಟಿಎಲ್‌ಎಸ್ (ಗೂಢಲಿಪಿ ಸಂಪರ್ಕ) ಮಟ್ಟ ‘ಸೆಕ್ಯೂರ್’ ಎಂದಿಡಿ. ಬಹಳ ಜನ ‘ಎನ್‌ಕ್ರಿಪ್ಟ್’ ಎಂದು ಬಿಡುತ್ತಾರೆ. ಅದು ಗೂಢಲಿಪಿ ಮಾಡುತ್ತದೆ, ಆದರೆ ಎದುರಿಗಿರುವುದು ನಿಜವಾಗಿ ಜೀಮೇಲೇ ಹೌದೋ ಎಂದು ಪರೀಕ್ಷಿಸುವುದಿಲ್ಲ. ಪಾಸ್‌ವರ್ಡ್ ಹೋಗುವ ದಾರಿಯಲ್ಲಿ ಆ ಪರೀಕ್ಷೆ ಬೇಕು. ‘ನೋ ಮೆಕ್ಯಾನಿಸಂ ಅವೇಲಬಲ್’ ಎಂದು ಬಂದರೆ ಸೆಟ್ಟಿಂಗ್ ತಪ್ಪಲ್ಲ, ಲಿಬ್‌ಎಸ್‌ಎಎಸ್‌ಎಲ್2-ಮಾಡ್ಯೂಲ್ಸ್ ಎಂಬ ಪ್ಯಾಕೇಜ್ ಹಾಕಿಲ್ಲ ಎಂದರ್ಥ. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಬಂದು ಪಕ್ಕದಲ್ಲಿ ಕೋಲನ್‌ಗಳಿರುವ ಉದ್ದ ವಿಳಾಸ ಕಂಡರೆ ಅದು ಐಪಿವಿ6ನಿಂದ ಪ್ರಯತ್ನಿಸುತ್ತಿದೆ. ಐನೆಟ್ ಪ್ರೊಟೊಕಾಲ್ಸ್ ಸಾಲಿನಲ್ಲಿ ಐಪಿವಿ4 ಮಾತ್ರ ಎನ್ನಿ. ಐನೆಟ್ ಇಂಟರ್ಫೇಸಸ್ ಸಾಲಿನಲ್ಲಿ ‘ಲೂಪ್‌ಬ್ಯಾಕ್-ಓನ್ಲಿ’ ಇರಲಿ. ಆಗ ಪೈ ಬಿಟ್ಟು ಬೇರೆ ಯಾರೂ ಅದರ ಮೂಲಕ ಮೇಲ್ ಕಳಿಸಲಾರರು.

535 ಬರುವ ಕಾರಣ ಸರಳ. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳ ಸಾಮಾನ್ಯ ಪಾಸ್‌ವರ್ಡನ್ನು ಇಂಥ ತಂತ್ರಾಂಶಗಳಿಂದ ಒಪ್ಪುವುದಿಲ್ಲ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ಖಾತೆಯ ಭದ್ರತಾ ಪುಟದಲ್ಲಿ ಆಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಅದು 16 ಅಕ್ಷರದ್ದು. ತೆರೆಯ ಮೇಲೆ ನಾಲ್ಕು ನಾಲ್ಕಾಗಿ ಬಿಡಿಸಿ ತೋರಿಸುತ್ತದೆ. ಫೈಲಿನಲ್ಲಿ ನಡುವಿನ ಖಾಲಿ ಜಾಗ ತೆಗೆದು ಬರೆಯಿರಿ. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದ ಕ್ಷಣ ಹಳೆಯ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ನಾಲ್ಕು ದಿನ ನಡೆದ ನಿಮ್ಮ ಪಾಸ್‌ವರ್ಡ್ ಹೀಗೆ ಹೋಯಿತು. ಹೊಸದನ್ನು ಮಾಡಿ, ಪೋಸ್ಟ್‌ಮ್ಯಾಪ್ ಓಡಿಸಿ, 535 ಅಲ್ಲಿಗೆ ಮುಗಿಯುತ್ತದೆ.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ್ದು ಕರೆಂಟು ಹೋಗಿ ಬಂದ ದಿನದ ತೊಂದರೆ. ಆ ದಿನದ ಲಾಗ್ ತೆಗೆದು ನೋಡಿ. ಹೆಚ್ಚಿನಂಶ ‘ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್’ ಎಂದಿರುತ್ತದೆ, ಅಂದರೆ ಜೀಮೇಲ್ ಎಂಬ ಹೆಸರಿಗೆ ವಿಳಾಸವೇ ಸಿಗಲಿಲ್ಲ. ಬ್ರೌಸರ್ ತೆರೆದರೆ ಇಂಟರ್ನೆಟ್ ಚೆನ್ನಾಗಿದೆ, ಪಿಂಗ್ ಹೋಗುತ್ತದೆ, ಪೋಸ್ಟ್‌ಫಿಕ್ಸ್‌ಗೆ ಮಾತ್ರ ಊರೇ ಕಾಣುವುದಿಲ್ಲ. ಆಗುವುದು ಹೀಗೆ: ಡೆಬಿಯನ್ ತನ್ನ ಪೋಸ್ಟ್‌ಫಿಕ್ಸ್ ಭಾಗಗಳನ್ನು ಒಂದು ಬೇಲಿಯ ಒಳಗೆ ಇಡುತ್ತದೆ, ಇದಕ್ಕೆ ಕ್ರೂಟ್ ಎನ್ನುತ್ತಾರೆ. ಬೇಲಿಯೊಳಗಿನ ಭಾಗಕ್ಕೆ ಡಿಎನ್‌ಎಸ್ ಸರ್ವರ್ ಯಾವುದೆಂದು ಹೇಳುವ, ಇಟಿಸಿ ಫೋಲ್ಡರ್‌ನ ರಿಸಾಲ್ವ್.ಕಾನ್ಫ್ ಫೈಲು ಕಾಣುವುದಿಲ್ಲ. ಅದರ ಒಂದು ಪ್ರತಿ, ಅಂದರೆ ನಕಲು, ಪೋಸ್ಟ್‌ಫಿಕ್ಸ್ ಮೇಲ್ ಸರದಿ ಇಡುವ ಸ್ಪೂಲ್ ಫೋಲ್ಡರ್ ಒಳಗಿನ ಇನ್ನೊಂದು ಇಟಿಸಿಯಲ್ಲಿರುತ್ತದೆ, ಅದನ್ನೇ ಓದುತ್ತದೆ. ಆ ಪ್ರತಿ ತಯಾರಾಗುವುದು ಪೋಸ್ಟ್‌ಫಿಕ್ಸ್ ಏಳುವಾಗ. ಕರೆಂಟು ಬಂದ ಕೂಡಲೇ ಪೈ ಬೇಗ ಎದ್ದು ಕೂರುತ್ತದೆ, ಫೈಬರ್ ಮೋಡೆಮ್ ಮತ್ತು ರೌಟರ್ ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಿರುತ್ತವೆ. ಆ ಹೊತ್ತಿಗೆ ಮೂಲ ಫೈಲಿನಲ್ಲಿ ಡಿಎನ್‌ಎಸ್ ಸರ್ವರ್‌ನ ವಿಳಾಸವಿಲ್ಲ, ಹಾಗಾಗಿ ಪ್ರತಿಯೂ ಖಾಲಿ. ಆಮೇಲೆ ಮೂಲ ತುಂಬಿದರೂ ಪ್ರತಿ ಖಾಲಿಯಾಗಿಯೇ ಉಳಿಯಬಹುದು. ಎರಡೂ ಫೈಲುಗಳನ್ನು ಅಕ್ಕಪಕ್ಕ ತೆರೆದು ನೋಡಿ, ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ. ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದರೆ ಆ ದಿನಕ್ಕೆ ಸರಿಹೋಗುತ್ತದೆ.

ಖಾಯಂ ಪರಿಹಾರಕ್ಕೆ ಪೋಸ್ಟ್‌ಫಿಕ್ಸ್‌ನ ಭಾಗಗಳ ಪಟ್ಟಿಯಿರುವ ಮಾಸ್ಟರ್.ಸಿಎಫ್ ಫೈಲು ತೆರೆಯಿರಿ. ‘ಎಸ್‌ಎಂಟಿಪಿ’ ಎಂದು ಶುರುವಾಗುವ ಸಾಲುಗಳು ಎರಡಿವೆ. ಪಕ್ಕದಲ್ಲಿ ‘ಐನೆಟ್’ ಎಂದಿರುವುದು ಮೇಲ್ ಪಡೆಯುವುದು, ಅದನ್ನು ಮುಟ್ಟಬೇಡಿ. ‘ಯುನಿಕ್ಸ್’ ಎಂದಿರುವುದು ಕಳಿಸುವುದು. ಅದರ ಐದನೇ ಕಾಲಂನಲ್ಲಿ ‘ವೈ’ ಇದ್ದರೆ ‘ಎನ್’ ಮಾಡಿ ರೀಸ್ಟಾರ್ಟ್ ಮಾಡಿ. ಬೇಲಿ ಹೋಯಿತು, ಮೂಲ ಫೈಲನ್ನೇ ಓದುತ್ತದೆ. ಲೂಪ್‌ಬ್ಯಾಕ್‌ಗೆ ಮಾತ್ರ ಕಿವಿಗೊಡುವ ನಿಮ್ಮಂಥ ಚಿಕ್ಕ ವ್ಯವಸ್ಥೆಯಲ್ಲಿ ಇದರಿಂದ ಅಪಾಯ ಹೇಳಿಕೊಳ್ಳುವಂಥದ್ದಲ್ಲ. ಜತೆಗೆ ಮೋಡೆಮ್, ರೌಟರ್‌ಗಳಿಗೆ ಒಂದು ಮಿನಿ ಯುಪಿಎಸ್ ಹಾಕಿದರೆ ಗಾಳಿಮಳೆಯ ದಿನ ಪದೇ ಪದೇ ಆರಿ ಹತ್ತುವುದೇ ತಪ್ಪುತ್ತದೆ. ಕೊಳ್ಳುವ ಮೊದಲು ಎರಡರ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಳ್ಳಿ. 12 ವೋಲ್ಟ್ ಇರುವುದೇ ಹೆಚ್ಚು, ಆದರೆ ಊಹಿಸಿ ಚುಚ್ಚಬೇಡಿ. ಪೈ 4ಕ್ಕೆ ಬೇಕಾದ್ದು 5 ವೋಲ್ಟ್ 3 ಆಂಪಿಯರ್, ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಇರಲಿ. ಒಮ್ಮೆಲೇ ಕರೆಂಟು ಹೋದರೆ ಎಸ್‌ಡಿ ಕಾರ್ಡ್ ಕೆಡುವ ಸಂಭವವೂ ಇದೆ.

ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕೆಲವು ತಾಸು ಆರಿದ್ದರೆ ತೊಂದರೆ ಕಾಣುವುದಿಲ್ಲ. ಆದರೆ ಆಷಾಢ, ಶ್ರಾವಣದಲ್ಲಿ ಹೋಮ್‌ಸ್ಟೇ ಮುಚ್ಚಿ ಪೈಯನ್ನೂ ತಿಂಗಳುಗಟ್ಟಲೆ ಆರಿಸಿಟ್ಟು ಮತ್ತೆ ಹಚ್ಚಿದರೆ ಅದು ಹಳೆಯ ತಾರೀಖಿನಲ್ಲೇ ಏಳುತ್ತದೆ. ಜೀಮೇಲ್‌ನ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ, ‘ಸೆಕ್ಯೂರ್’ ಮಟ್ಟದಲ್ಲಿ ಸಂಪರ್ಕ ನಿಲ್ಲುತ್ತದೆ. ಟೈಮ್‌ಡೇಟ್‌ಸಿಟಿಎಲ್ ಓಡಿಸಿ, ಗಡಿಯಾರ ಸಿಂಕ್ ಆಗಿದೆ ಎಂದು ಬರುವವರೆಗೆ ಕಾಯಿರಿ. ಅಷ್ಟೇ.

ಇಷ್ಟಾದ ಮೇಲೆ ಮೇಲ್ ಹೊರಡುತ್ತದೆ. ಆದರೆ ಫಾರಂನಲ್ಲಿ ಇನ್ನೊಂದು ತಪ್ಪು ಅಡಗಿರುವ ಸಾಧ್ಯತೆ ಬಹಳ. ಅತಿಥಿ ತುಂಬಿದ ಇಮೇಲ್ ವಿಳಾಸವನ್ನೇ ‘ಫ್ರಂ’ ಜಾಗಕ್ಕೆ ಹಾಕುವುದು ಹಳೆಯ ಪಿಎಚ್‌ಪಿ ಪಾಠಗಳಲ್ಲಿ ಬಂದ ಅಭ್ಯಾಸ. ಉತ್ತರಿಸಲು ಸುಲಭ ಎಂದು. ಇವತ್ತಿಗೆ ಅದು ಬೇರೆಯವರ ಹೆಸರಿನಲ್ಲಿ ಸಹಿ ಹಾಕಿದ ಹಾಗೆ. ಯಾಹೂ 2014ರಿಂದಲೇ ತನ್ನ ಡಿಮಾರ್ಕ್ (ನಕಲಿ ಹೆಸರಿನ ಮೇಲ್ ತಡೆಯುವ) ನೀತಿಯಲ್ಲಿ ‘ನಮ್ಮ ಸರ್ವರ್ ಬಿಟ್ಟು ಬೇರೆ ಕಡೆಯಿಂದ ನಮ್ಮ ಹೆಸರಲ್ಲಿ ಬಂದರೆ ತಿರಸ್ಕರಿಸಿ’ ಎಂದು ಬರೆದುಕೊಂಡಿದೆ. ಹಾಗಾಗಿ ನೇರವಾಗಿ ಮೇಲ್ ಕಳಿಸುವ ಸರ್ವರ್‌ಗಳಲ್ಲಿ ಜೀಮೇಲ್ ವಿಳಾಸ ಕೊಟ್ಟ ಅತಿಥಿಯ ಸಂದೇಶ ಬಂದು, ಯಾಹೂ ವಿಳಾಸ ಕೊಟ್ಟವರದು ಬಾರದೇ ಇರುವಂಥ ವಿಚಿತ್ರಗಳು ನಡೆಯುತ್ತವೆ. ಜೀಮೇಲ್ ಮೂಲಕ ಕಳಿಸಿದರೆ ಅದು ಫ್ರಂ ಸಾಲನ್ನು ನಿಮ್ಮ ವಿಳಾಸಕ್ಕೇ ತಿರುಗಿಸಿಬಿಡುತ್ತದೆ, ಅತಿಥಿಯ ವಿಳಾಸ ಅಲ್ಲಿ ಉಳಿಯುವುದಿಲ್ಲ. ಫ್ರಂನಲ್ಲಿ ಯಾವಾಗಲೂ ನಿಮ್ಮದೇ ಜೀಮೇಲ್ ವಿಳಾಸ ಇರಲಿ. ಅತಿಥಿಯ ವಿಳಾಸ ‘ರಿಪ್ಲೈ-ಟು’ ಸಾಲಿಗೆ ಹೋಗಲಿ. ನೀವು ಉತ್ತರ ಒತ್ತಿದರೆ ಅವರಿಗೇ ಹೋಗುತ್ತದೆ. ಹೆಸರು, ವಿಳಾಸದ ಖಾನೆಗಳಲ್ಲಿ ಹೊಸ ಸಾಲಿನ ಗುರುತು ಬಂದರೆ ಫಾರಂ ತಿರಸ್ಕರಿಸಬೇಕು. ಅದನ್ನು ಬಿಟ್ಟರೆ ಯಾರಾದರೂ ಬಿಸಿಸಿ ಸಾಲು ತುರುಕಿ ನಿಮ್ಮ ಖಾತೆಯಿಂದಲೇ ಸಾವಿರಾರು ಸ್ಪ್ಯಾಮ್ ಕಳಿಸುತ್ತಾರೆ. ವೈಯಕ್ತಿಕ ಜೀಮೇಲ್‌ಗೆ ದಿನಕ್ಕೆ 500ರ ಮಿತಿ ಇದೆ, ಅದು ಮುಗಿದರೆ ನಿಮ್ಮ ಸ್ವಂತ ಮೇಲೂ ಹೋಗುವುದಿಲ್ಲ.

ವಿಷಯದ ಸಾಲನ್ನು ಕನ್ನಡದಲ್ಲಿ ಇಡುವಿರಾದರೆ, ಇಡಿ, ಇಡಲೇಬೇಕು. ಆದರೆ ಪಿಎಚ್‌ಪಿಯ ಮೇಲ್ ಫಂಕ್ಷನ್ ಅದನ್ನು ತಾನಾಗಿ ಸಂಕೇತಕ್ಕೆ ತಿರುಗಿಸುವುದಿಲ್ಲ. ಕನ್ನಡದ ಒಂದೊಂದು ಅಕ್ಷರ, ಒತ್ತು, ಗುಣಿತದ ಗುರುತಿಗೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಮೇಲ್‌ನ ಶಿರೋಲೇಖದಲ್ಲಿ (ಹೆಡರ್) ಹೀಗೆ ಸಂಕೇತಕ್ಕೆ ತಿರುಗಿಸಿದ ಒಂದು ತುಂಡು 75 ಅಕ್ಷರ ದಾಟುವಂತಿಲ್ಲ, ಅದರಲ್ಲಿ ಮೂಲದ 45 ಬೈಟ್ ಹಿಡಿಯುತ್ತದೆ, ಅಂದರೆ 15 ಕನ್ನಡ ಗುರುತುಗಳು. ಕೈಯಿಂದ ತುಂಡು ಮಾಡಿದವರು ಗುರುತಿನ ನಡುವೆಯೇ ಕತ್ತರಿಸುತ್ತಾರೆ, ಎದುರಿಗೆ ಪ್ರಶ್ನೆಚಿಹ್ನೆಗಳ ಸಾಲು ಕಾಣುತ್ತದೆ. ಪಿಎಚ್‌ಪಿಮೇಲರ್ ಎಂಬ ಸಿದ್ಧ ಲೈಬ್ರರಿ ಬಳಸಿ, ಅದರ ಅಕ್ಷರಕೋಶವನ್ನು ಯುಟಿಎಫ್-8 ಎಂದಿಡಿ. ಈ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ.

ಮುಂದೊಂದು ದಿನ ಜೀಮೇಲ್ ಬಿಟ್ಟು ನಿಮ್ಮ ಡೊಮೇನ್ ಹೆಸರಿನಲ್ಲೇ ಅತಿಥಿಗಳಿಗೆ ಖಾತ್ರಿಪತ್ರ ಕಳಿಸಬೇಕೆನಿಸಿದರೆ ಜೀಮೇಲ್ ರಿಲೇ ಸಾಲದು. ಜೀಮೇಲ್‌ನಲ್ಲಿ ಆ ವಿಳಾಸವನ್ನು ಮೊದಲೇ ದೃಢಪಡಿಸದಿದ್ದರೆ ಅದು ಫ್ರಂ ಸಾಲನ್ನು ತನ್ನ ವಿಳಾಸಕ್ಕೆ ತಿರುಗಿಸಿಬಿಡುತ್ತದೆ. ಆಗ ಬ್ರೆವೊ, ಝೆಪ್ಟೋಮೇಲ್, ಅಮೆಜಾನ್ ಎಸ್‌ಇಎಸ್‌ನಂಥ ರಿಲೇ ಸೇವೆ ಬೇಕು. ಎಸ್‌ಇಎಸ್‌ನ ಹೊಸ ಖಾತೆ ‘ಸ್ಯಾಂಡ್‌ಬಾಕ್ಸ್’ನಲ್ಲಿರುತ್ತದೆ: ದಿನಕ್ಕೆ 200, ಅದೂ ದೃಢಪಡಿಸಿದ ವಿಳಾಸಗಳಿಗೆ ಮಾತ್ರ. ಮನವಿ ಕೊಟ್ಟು ಹೊರಬರಬೇಕು. ಸೇವೆಯವರು ಕೊಡುವ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಎಂಬ ಪಟ್ಟಿ) ಮತ್ತು ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ ಪರೀಕ್ಷಿಸುವ ಕೀಲಿ) ದಾಖಲೆಗಳನ್ನು ಡಿಎನ್‌ಎಸ್‌ಗೆ ಹಾಕಿ. ಒಂದು ಡೊಮೇನ್‌ಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು, ಎರಡಾದರೆ ಎರಡೂ ಕೆಲಸ ಮಾಡುವುದಿಲ್ಲ. ಅದರಲ್ಲಿ ‘ಎ’ ಎಂಬ ಅಂಶ, ಅಂದರೆ ಡೊಮೇನ್‌ನ ಸ್ವಂತ ಐಪಿಗೆ ಅನುಮತಿ, ಬರೆದು ಸಮಾಧಾನಪಡಬೇಡಿ. ಟನಲ್ ಇರುವುದರಿಂದ ನಿಮ್ಮ ಡೊಮೇನ್‌ನ ಎ ದಾಖಲೆ ತೋರಿಸುವುದು ಕ್ಲೌಡ್‌ಫ್ಲೇರ್‌ನ ಐಪಿಯನ್ನು, ಮೇಲ್ ಅಲ್ಲಿಂದ ಹೊರಡುವುದೇ ಇಲ್ಲ. ಟನಲ್ ಅತಿಥಿಗಳನ್ನು ಒಳಗೆ ಕರೆತರುತ್ತದೆ, ಪತ್ರವನ್ನು ಹೊರಗೆ ಒಯ್ಯುವುದಿಲ್ಲ. ಡಿಕಿಮ್ ಕೀಲಿ 2048 ಬಿಟ್‌ನದ್ದಾದರೆ 255 ಅಕ್ಷರಕ್ಕಿಂತ ಉದ್ದವಾಗಿ, ದಾಖಲೆಯನ್ನು ಉದ್ಧರಣ ಚಿಹ್ನೆಗಳಲ್ಲಿ ಎರಡು ತುಂಡು ಮಾಡಿ ಬರೆಯಬೇಕಾಗುತ್ತದೆ. ಕ್ಲೌಡ್‌ಫ್ಲೇರ್‌ನಂಥ ಕಡೆ ಅದು ತಾನಾಗಿ ಆಗುತ್ತದೆ.

ಡೊಮೇನ್ ಹೆಸರು ಪೋಸ್ಟ್‌ಫಿಕ್ಸ್‌ನ ಮೈಡೆಸ್ಟಿನೇಷನ್ ಸಾಲಿನಲ್ಲಿ ಇದ್ದರೆ ತೆಗೆಯಿರಿ. ಇದ್ದರೆ ಆ ಡೊಮೇನ್‌ಗೆ ಕಳಿಸಿದ ಮೇಲನ್ನು ಪೋಸ್ಟ್‌ಫಿಕ್ಸ್ ‘ನನ್ನದೇ’ ಎಂದು ಪೈ ಒಳಗೇ ಇಟ್ಟುಕೊಳ್ಳುತ್ತದೆ, ಇಲ್ಲವೇ ‘ಯೂಸರ್ ಅನ್‌ನೋನ್’ ಎನ್ನುತ್ತದೆ.

ಪರೀಕ್ಷೆಗೆ ಫಾರಂ ತುಂಬಿ ಕಳಿಸಿ, ಬಂದ ಮೇಲನ್ನು ಜೀಮೇಲ್‌ನಲ್ಲಿ ತೆರೆದು ‘ಶೋ ಒರಿಜಿನಲ್’ ಒತ್ತಿ. ಎಸ್‌ಪಿಎಫ್, ಡಿಕಿಮ್ ಸಾಲುಗಳು ಕಂಡರೆ ಅವುಗಳ ಎದುರು ‘ಪಾಸ್’ ಇರಬೇಕು. ನಂತರ ಮೋಡೆಮ್, ಪೈ ಎರಡನ್ನೂ ಒಟ್ಟಿಗೆ ಆರಿಸಿ ಹಚ್ಚಿ ಇನ್ನೊಮ್ಮೆ ಕಳಿಸಿ. ಈ ಎರಡನೇ ಪರೀಕ್ಷೆ ಬಿಡಬೇಡಿ. ಮೇಲ್‌ಕ್ಯೂ ಆದೇಶದಲ್ಲಿ ಸರದಿ ಖಾಲಿ ಎಂದು ಬರಬೇಕು. ಸರದಿಯಲ್ಲಿ ಉಳಿದದ್ದನ್ನು ಪೋಸ್ಟ್‌ಫಿಕ್ಸ್ ಮೊದಲು 5 ನಿಮಿಷಕ್ಕೆ, ಆಮೇಲೆ ಅಂತರ ಹೆಚ್ಚಿಸುತ್ತಾ ಒಂದು ತಾಸಿಗಿಂತ ಸ್ವಲ್ಪ ಹೆಚ್ಚಿನವರೆಗೆ ಬಿಟ್ಟು ಬಿಟ್ಟು ಪ್ರಯತ್ನಿಸುತ್ತದೆ. ಕಾಯಲಾಗದಿದ್ದರೆ ಪೋಸ್ಟ್‌ಕ್ಯೂಗೆ ‘ಎಫ್’ ಆಯ್ಕೆ ಕೊಟ್ಟು ದೂಡಿ. ಅದಕ್ಕೆ ಮೊದಲು ಹಳೆಯ ಪರೀಕ್ಷಾ ಮೇಲ್‌ಗಳನ್ನು ಅಳಿಸಿ, ಇಲ್ಲವಾದರೆ ಐವತ್ತು ‘ಟೆಸ್ಟ್’ಗಳು ಒಟ್ಟಿಗೆ ಬಂದು ಬೀಳುತ್ತವೆ.

ಫಾರಂಗೆ ಬಂದ ಪ್ರತಿ ಕೋರಿಕೆಯನ್ನೂ ಮೇಲ್ ಕಳಿಸುವ ಮೊದಲೇ ಪೈ ಮೇಲಿನ ಒಂದು ಎಸ್‌ಕ್ಯೂಲೈಟ್ ಫೈಲಿನಲ್ಲಿ ಬರೆದಿಡುವಂತೆ ಮಾಡಿ: ಹೆಸರು, ಫೋನ್ ನಂಬರ್, ದಿನಾಂಕ, ಎಷ್ಟು ಜನ. ಹತ್ತು ಸಾಲಿನ ಪಿಎಚ್‌ಪಿ ಸಾಕು. ಮಾರಿಕಾಂಬೆ ಜಾತ್ರೆಯ ವರ್ಷ ಶಿರಸಿ ಸುತ್ತ ಕೋಣೆ ಸಿಗದೆ ಜನ ಒಂದೇ ದಿನ ನಾಲ್ಕು ಕಡೆ ಕೇಳಿರುತ್ತಾರೆ. ಮೇಲ್ ತಡವಾದರೂ ಆ ಪಟ್ಟಿ ತೆರೆದು ನೀವೇ ಮೊದಲು ಫೋನ್ ಮಾಡಬಹುದು.